ಕ್ರೋನ್ಸ್, ಕೊಲೈಟಿಸ್ ಇದ್ದವರ ಮಾತ್ರೆ ಮತ್ತು ಪಥ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಕ್ರೋನ್ಸ್ ಕಾಯಿಲೆ ಶುರುವಾಗಿ 11 ವರ್ಷ. ಊರು ಹಾಸನದ ಕಡೆ, ಇರುವುದು ಬೆಂಗಳೂರಿನಲ್ಲಿ. ಇಷ್ಟು ವರ್ಷದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು, ಫೋನ್ ಮಾಡಿದವರು, ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಮಾತಾಡಿದವರು ಕೇಳಿದ ಪ್ರಶ್ನೆಗಳು ಇವು. ಕೆಲವು ನಾನೇ ಡಾಕ್ಟರನ್ನು ಕೇಳಿದ್ದು. ನಾನು ಡಾಕ್ಟರ್ ಅಲ್ಲ, ರೋಗಿ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಮುಂದಿನ ಸಲ ಹೋದಾಗ ಡಾಕ್ಟರನ್ನು ಏನು ಕೇಳಬೇಕು ಅಂತ ಗೊತ್ತಾದರೆ ನನಗೆ ಅಷ್ಟೇ ಸಾಕು.

ಐಬಿಡಿ ಅಂದರೆ ಏನು? ಮೂಲವ್ಯಾಧಿನಾ, ಗ್ಯಾಸ್ಟ್ರಿಕ್ಕಾ?

ಎರಡೂ ಅಲ್ಲ. ಇನ್‌ಫ್ಲಮೇಟರಿ ಬವೆಲ್ ಡಿಸೀಸ್ ಅನ್ನುವುದರ ಚಿಕ್ಕ ಹೆಸರು. ಮೈಯ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಅಲ್ಲಿ ಉರಿಯೂತ, ಹುಣ್ಣು ಮಾಡುವ ಕಾಯಿಲೆ. ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಬರುವಂಥದ್ದು, ಒಳಪದರಕ್ಕೆ ಸೀಮಿತ. ಕ್ರೋನ್ಸ್ ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಹಿಡಿಯಬಹುದು. ಹೆಚ್ಚು ಜನರಲ್ಲಿ ಅದು ಕಾಣಿಸುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ನನಗೂ ಅಲ್ಲೇ.

ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು ಮೂಲವ್ಯಾಧಿ. ನಾಚಿಕೆಯಿಂದ ಮನೆಯಲ್ಲೂ ಹೇಳುವುದಿಲ್ಲ, ಗೋಡೆ ಮೇಲಿನ ಜಾಹೀರಾತು ನೋಡಿಕೊಂಡು ಹೋಗುತ್ತಾರೆ. ಇಲ್ಲವೇ ಆಮಶಂಕೆ ಅಂತ ಮೆಡಿಕಲ್ ಶಾಪಿನಿಂದ ಐದು ದಿನದ ಮಾತ್ರೆ ತರುತ್ತಾರೆ. ರಕ್ತ, ಲೋಳೆ, ಭೇದಿ ಕೆಲವು ವಾರ ಬಿಡದೆ ಇದ್ದರೆ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಹಾಕಿ ಕರುಳು ನೋಡುವ ಪರೀಕ್ಷೆ) ಬೇಕು ಅಂತ ನೀವೇ ಕೇಳಿ. ಇನ್ನೊಂದು ಮಾತು: ಕರುಳಿನ ಟಿಬಿ ಮತ್ತು ಕ್ರೋನ್ಸ್ ನೋಡಲು ಅವಳಿಜವಳಿ ಇದ್ದಂತೆ. ಅದಕ್ಕೇ ನಮ್ಮ ದೇಶದಲ್ಲಿ ಕೆಲವರಿಗೆ ಮೊದಲು ಎರಡು ಮೂರು ತಿಂಗಳು ಟಿಬಿ ಮಾತ್ರೆ ಕೊಟ್ಟು ನೋಡುತ್ತಾರೆ. ಡಾಕ್ಟರಿಗೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಟಿಬಿ ಇರುವಾಗ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟರೆ ಅಪಾಯ, ಅದಕ್ಕೆ ಹಾಗೆ ಮಾಡುತ್ತಾರೆ.

ಕಟ್ಟುನಿಟ್ಟಾಗಿ ಪಥ್ಯ ಮಾಡಿದರೆ ಮಾತ್ರೆ ಬಿಡಬಹುದಾ?

ಬೇಡ. ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಎರಡನೇ ವರ್ಷ ನಾನು ಇದನ್ನೇ ಮಾಡಿದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ ನುಂಗಿದರೆ ಬೆಳಿಗ್ಗೆ ಪೂರ್ತಿ ವಾಕರಿಕೆ. ಹೊಟ್ಟೆ ಸ್ವಲ್ಪ ತಣ್ಣಗಾಗಿತ್ತು. ಊಟ ಸರಿ ಮಾಡಿಕೊಂಡರೆ ಈ ಇಂಗ್ಲಿಷ್ ಮದ್ದೆಲ್ಲ ಯಾಕೆ ಅಂತ ಒಬ್ಬರು ನೆಂಟರು ಹೇಳಿದರು, ನನಗೂ ಅದೇ ಬೇಕಿತ್ತು. ಮಾತ್ರೆ ಬಿಟ್ಟೆ. ಮೊದಲು ಗೋಧಿ ಹೋಯಿತು. ಆಮೇಲೆ ಹಾಲು. ಒಂದು ದಿನ ಸಾರು ತಿಂದ ಮೇಲೆ ಹೊಟ್ಟೆ ನುಲಿಯಿತು ಅಂತ ತೊಗರಿಬೇಳೆ ಬಿಟ್ಟೆ, ಇನ್ನೊಂದು ದಿನ ಈರುಳ್ಳಿ, ಮತ್ತೊಂದು ದಿನ ಟೊಮೇಟೊ, ಕಾಯಿತುರಿ, ಮೊಟ್ಟೆ, ಹೀಗೆ ಬಿಡುತ್ತಾ ಬಿಡುತ್ತಾ ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಗಂಜಿ, ಮಜ್ಜಿಗೆ, ಬೇಯಿಸಿದ ಸೋರೆಕಾಯಿ ಮತ್ತು ಬಾಳೆಹಣ್ಣು. ಏಳು ತಿಂಗಳಲ್ಲಿ 54 ಕೆಜಿಯಿಂದ 41ಕ್ಕೆ ಇಳಿದೆ. ಬಾಚಣಿಗೆ ತುಂಬಾ ಕೂದಲು ಬರುತ್ತಿತ್ತು. ಆದರೂ ನನಗೆ ವಾಸಿಯಾಗಿದೆ ಅಂತಲೇ ಅನ್ನಿಸಿತ್ತು, ಯಾಕೆಂದರೆ ಕಕ್ಕಸಿಗೆ ಹೋಗುವುದು ಕಡಿಮೆಯಾಗಿತ್ತು. ತಿನ್ನುವುದು ಕಡಿಮೆಯಾದ್ದರಿಂದ ಹೋಗುವುದು ಕಡಿಮೆಯಾಗಿತ್ತು, ಅಷ್ಟೆ. ಆ ದಸರೆಯಲ್ಲಿ ಒಂದು ರಾತ್ರಿ ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಗಾಳಿಯೂ ಹೋಗದೆ ಆಸ್ಪತ್ರೆ ಸೇರಿದೆ. ಸ್ಕ್ಯಾನಿನಲ್ಲಿ ಕರುಳು ಒಂದು ಕಡೆ ಕಿರಿದಾಗಿರುವುದು ಕಾಣಿಸಿತು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲಿ ಸಾವಿರ ದಾಟಿತ್ತು. ಸಾಮಾನ್ಯವಾಗಿ 50ರ ಒಳಗಿರಬೇಕು, 250 ದಾಟಿದರೆ ಕರುಳಿನಲ್ಲಿ ಉರಿಯೂತ ನಡೆದಿದೆ ಅಂತ ಲೆಕ್ಕ.

ಹೊಟ್ಟೆ ಸುಮ್ಮನಿರುವುದು ಬೇರೆ, ಕರುಳು ವಾಸಿಯಾಗಿರುವುದು ಬೇರೆ. ಪಥ್ಯ ಮೊದಲನೆಯದನ್ನು ಮಾಡಿಕೊಡಬಹುದು. ಎರಡನೆಯದಕ್ಕೆ ಹೆಚ್ಚು ಜನರಿಗೆ ಮದ್ದು ಬೇಕೇ ಬೇಕು. ಮಾತ್ರೆ ತಿನ್ನುವುದು ಚೆನ್ನಾಗಿ ಊಟ ಮಾಡುವುದಕ್ಕೆ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಆ 13 ಕೆಜಿ ನನ್ನ ಮೈಮೇಲೇ ಇರುತ್ತಿತ್ತು.

ಹಾಗಾದರೆ ಊಟಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ವಾ?

ಇದೆ. ಮಕ್ಕಳ ಕ್ರೋನ್ಸ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ. 6ರಿಂದ 8 ವಾರ ಬೇರೆ ಏನನ್ನೂ ಕೊಡದೆ ಬರೀ ಪೌಷ್ಟಿಕ ಪೇಯದ ಮೇಲೆ ಇಟ್ಟರೆ ಸ್ಟೀರಾಯ್ಡ್‌ನಷ್ಟೇ ಕೆಲಸ ಮಾಡುತ್ತದೆ, ಮಗುವಿನ ಬೆಳವಣಿಗೆಗೂ ಒಳ್ಳೆಯದು. ಆದರೆ ಇದು ಕ್ರೋನ್ಸ್‌ಗೆ ಮಾತ್ರ, ಕೊಲೈಟಿಸ್‌ಗೆ ಅಲ್ಲ. ಮಾಡುವುದು ಡಾಕ್ಟರು, ಡಯಟಿಷಿಯನ್ ಲೆಕ್ಕ ಹಾಕಿ ಕೊಟ್ಟಂತೆ. ಅಂಗಡಿಯಿಂದ ಒಂದು ಡಬ್ಬಿ ಪುಡಿ ತಂದು ಹಾಲಿಗೆ ಕಲಸಿ ಕೊಟ್ಟರೆ ಅದು ಇದಲ್ಲ.

ಇಸ್ರೇಲಿನ ಮಕ್ಕಳ ವೈದ್ಯರು ರೂಪಿಸಿದ ಕ್ರೋನ್ಸ್ ಎಕ್ಸ್‌ಕ್ಲೂಷನ್ ಡಯಟ್ ಕೂಡ ಇದೆ. ಅರ್ಧ ಪೇಯ, ಅರ್ಧ ಆಯ್ದ ಊಟ. 2019ರಲ್ಲಿ ಬಂದ ಅದರ ಅಧ್ಯಯನದಲ್ಲಿ ಮಕ್ಕಳು ಇದನ್ನು ಬರೀ ಪೇಯಕ್ಕಿಂತ ಚೆನ್ನಾಗಿ ತಡೆದುಕೊಂಡರು. ಆದರೆ ಅದರ ಮೊದಲ ಹಂತ ನಿಂತಿರುವುದೇ ಕೋಳಿ ಮತ್ತು ಮೊಟ್ಟೆಯ ಮೇಲೆ. ಸಸ್ಯಾಹಾರಿಗಳು ಪಟ್ಟಿ ನೋಡಿಕೊಂಡು ಕೋಳಿ, ಮೊಟ್ಟೆ ಮಾತ್ರ ತೆಗೆದು ಉಳಿದದ್ದು ಪಾಲಿಸಿದರೆ ಪ್ರೋಟೀನ್ ಎಲ್ಲಿಂದ ಬರಬೇಕು?

ಅಕ್ಕಿ, ಗೋಧಿ, ರಾಗಿ ಎಲ್ಲ ಬಿಡುವ ಎಸ್‌ಸಿಡಿ ಡಯಟ್ ಮಾಡಲಾ?

ಯಾವ ಧಾನ್ಯವೂ ಇಲ್ಲ, ಆಲೂಗಡ್ಡೆ ಇಲ್ಲ, ಸಕ್ಕರೆ ಇಲ್ಲ ಅನ್ನುವ ಪಥ್ಯ ಅದು. ಅಮೆರಿಕದಲ್ಲಿ 194 ಕ್ರೋನ್ಸ್ ರೋಗಿಗಳ ಮೇಲೆ ಅದನ್ನೂ ಮೆಡಿಟರೇನಿಯನ್ ಊಟವನ್ನೂ ಹೋಲಿಸಿ ನೋಡಿದರು. ಫಲಿತಾಂಶ ಬಂದದ್ದು 2021ರಲ್ಲಿ. ಆರು ವಾರದ ಕೊನೆಗೆ ಎಸ್‌ಸಿಡಿ ಮಾಡಿದವರಲ್ಲಿ 46.5 ಶೇಕಡ, ಇನ್ನೊಂದರಲ್ಲಿ 43.5 ಶೇಕಡ ಜನರಿಗೆ ತೊಂದರೆ ತಗ್ಗಿತ್ತು. ಹೆಚ್ಚು ಕಡಿಮೆ ಒಂದೇ. ಮೆಡಿಟರೇನಿಯನ್ ಅಂದರೆ ತರಕಾರಿ, ಹಣ್ಣು, ಬೇಳೆಕಾಳು, ಮೀನು, ಒಳ್ಳೆಯ ಎಣ್ಣೆ ಜಾಸ್ತಿ. ಕೆಂಪು ಮಾಂಸ, ಸಿಹಿ, ಪ್ಯಾಕೆಟ್ ತಿಂಡಿ ಕಡಿಮೆ. ನಮ್ಮ ಮನೆಯ ಅನ್ನ, ಬೇಳೆಸಾರು, ಪಲ್ಯ, ಮೊಸರು ಅದಕ್ಕೆ ತೀರಾ ದೂರವೇನಲ್ಲ. ಸುಲಭದ ದಾರಿಯಲ್ಲೂ ಅಷ್ಟೇ ಲಾಭ ಸಿಗುವಾಗ ಅನ್ನ, ಮುದ್ದೆ ಎರಡೂ ಇಲ್ಲದ ತಟ್ಟೆ ಯಾಕೆ ಬೇಕು ಹೇಳಿ?

ಬಿಡಲೇಬೇಕು ಅಂದರೆ ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಬಣ್ಣದ ಪಾನೀಯ, ಸಂಸ್ಕರಿಸಿದ ಮಾಂಸ ಬಿಡಿ. ಇಂಥ ತಿನಿಸು ಜಾಸ್ತಿ ತಿನ್ನುವವರಲ್ಲಿ ಐಬಿಡಿ ಹೆಚ್ಚು ಅನ್ನುವುದು 21 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಕಂಡಿದೆ. ಇವನ್ನು ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕಾಯಿಲೆ ಕೆರಳಿದಾಗ ಏನು ತಿನ್ನಲಿ?

ನಾರು ಕಡಿಮೆ ಇರುವ, ಮೆತ್ತಗೆ ಬೆಂದ ಊಟ. ಬಿಳಿ ಅನ್ನ, ಇಡ್ಲಿ, ಸಿಪ್ಪೆ ತೆಗೆದ ಹೆಸರುಬೇಳೆ ತೊವ್ವೆ, ಸಿಪ್ಪೆ ಹೆರೆದ ಸೋರೆಕಾಯಿ, ಸೀಮೆಬದನೆ, ಬೂದುಗುಂಬಳ, ಆಲೂಗಡ್ಡೆ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮೀನು. ದಿನಕ್ಕೆ ಮೂರು ಸಲದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಮಂಗಳೂರು ಕಡೆಯವರು ಕುಚ್ಚಲಕ್ಕಿ ಗಂಜಿ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ತೌಡು ಜಾಸ್ತಿ ಉಳಿದಿರುವ ಕೆಂಪಕ್ಕಿಯಾದರೆ ಕೆರಳಿದ ದಿನಗಳಲ್ಲಿ ಬೇಡ, ಬೆಳ್ತಿಗೆ ಅಕ್ಕಿಯದು ಮಾಡಿಕೊಳ್ಳಿ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಶೇಂಗಾ ಚಟ್ನಿ ಬಿಡುವುದು ಕಷ್ಟ ಅಂತ ಗೊತ್ತು. ಕೆಲವು ವಾರ ಅಷ್ಟೆ.

ಈ "ಕೆಲವು ವಾರ" ಮುಖ್ಯ. ಇದು ಜೀವನಪೂರ್ತಿ ಪಥ್ಯ ಅಲ್ಲ. ಜನ ಎಡವುವುದು ಇಲ್ಲೇ.

ಬರೀ ಗಂಜಿ ಕುಡಿದುಕೊಂಡು ಇರಬೇಡಿ. ಕಾಯಿಲೆ ಕೆರಳಿದಾಗ ಮೈಗೆ ಪ್ರೋಟೀನ್ ಜಾಸ್ತಿ ಬೇಕು, ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕೆಜಿ ಇದ್ದರೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಲೆಕ್ಕ ಹಾಕಿ, ಗಂಜಿಯಲ್ಲಿ ಎಲ್ಲಿಗೆ ಮುಟ್ಟುತ್ತದೆ? ಭೇದಿ ಜಾಸ್ತಿ ಇದ್ದರೆ ಓಆರ್‌ಎಸ್ ಕುಡಿಯಿರಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಸ್ವಲ್ಪ ಪುಡಿ ಲೋಟಕ್ಕೆ ಉದುರಿಸಿಕೊಂಡು ಅಲ್ಲ.

ಕರುಳು ಕಿರಿದಾಗಿದೆ, ಸ್ಟ್ರಿಕ್ಚರ್ ಇದೆ ಅಂತ ಡಾಕ್ಟರು ಹೇಳಿದ್ದರೆ ಮಾತು ಬೇರೆ. ನುಗ್ಗೇಕಾಯಿ, ಕಳಲೆ, ಅಣಬೆ, ಹಲಸಿನ ತೊಳೆ, ಬೀಜ ಇರುವ ಸೀಬೆಹಣ್ಣು, ಮುಸುಕಿನ ಜೋಳ, ಇಡೀ ಕಡಲೆಬೀಜ, ಕಿತ್ತಳೆಯ ನಾರಿನ ಪೊರೆ, ಇವೆಲ್ಲ ಅಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಕಾಯಿಲೆ ತಣ್ಣಗಿದ್ದಾಗಲೂ ಹುಷಾರಾಗಿರಿ.

ರಾಗಿ ತಿನ್ನಬಹುದಾ?

ಹಾಸನದವಳಾಗಿ ಇದಕ್ಕೆ ಉತ್ತರ ಹುಡುಕದೆ ಇರಲು ನನಗೆ ಆಗಲಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಸ್ಟೀರಾಯ್ಡ್ ತಿಂದು ಮೂಳೆ ಸವೆಯುವ ನಮಗೆ ಇದು ಬೇಕಾದ್ದೇ. ಆದರೆ ನಾರೂ ಸುಮಾರು 11 ಗ್ರಾಂ ಇದೆ, ಕೆರಳಿದ ಕರುಳಿಗೆ ಅದು ಭಾರ.

ಅಮ್ಮ ಕಂಡುಕೊಂಡ ದಾರಿ ಮಕ್ಕಳಿಗೆ ಮಾಡುವ ರಾಗಿ ಸರಿ. ರಾತ್ರಿ ನೆನೆಹಾಕಿದ ರಾಗಿಯನ್ನು ನುಣ್ಣಗೆ ರುಬ್ಬಿ, ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಹಾಕಿ ಹಿಂಡುತ್ತಾಳೆ. ಪಾತ್ರೆಗೆ ಇಳಿಯುವುದು ತಿಳಿ ಹಾಲು, ಬಟ್ಟೆಯಲ್ಲಿ ಉಳಿಯುವುದು ಕೆಂಪನೆಯ ಚರಟ. ಆ ಚರಟವೇ ನಮಗೆ ಬೇಡದ ನಾರು. ಹಾಲು ತಳದಲ್ಲಿ ಕೂತ ಮೇಲೆ ಮೇಲಿನ ನೀರು ಬಸಿದು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಕಾಯಿಸಿದರೆ ಮಿರಮಿರ ಹೊಳೆಯುವ ಗಟ್ಟಿ ಅಂಬಲಿ. ಸೋಸುವಾಗ ಸ್ವಲ್ಪ ಕ್ಯಾಲ್ಸಿಯಂ ಕೂಡ ಹೋಗುತ್ತದೆ, ಪರವಾಗಿಲ್ಲ. ಕಾಯಿಲೆ ತಣ್ಣಗಾದ ಮೇಲೆ ನಾನು ಸಣ್ಣ ಮುದ್ದೆಯಿಂದ ಶುರು ಮಾಡಿದೆ, ನಿಂಬೆಗಾತ್ರದ್ದು. ಈಗ ವಾರಕ್ಕೆ ನಾಲ್ಕು ದಿನ ಮುದ್ದೆ ಇದೆ.

ಹಾಲು, ಮೊಸರು?

ಐಬಿಡಿ ಇದೆ ಅಂದ ಮಾತ್ರಕ್ಕೆ ಹಾಲು ಬಿಡಬೇಕಿಲ್ಲ. ನಮ್ಮ ಕಡೆ ಬಹಳ ಜನರಿಗೆ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗುವುದು ಕಡಿಮೆ, ಕೆರಳಿದಾಗ ಇನ್ನೂ ಕಡಿಮೆ. ಹಾಲು ಕುಡಿದರೆ ಗುಡುಗುಡು ಅನ್ನುತ್ತಿದ್ದರೆ ಮೊಸರು, ಮಜ್ಜಿಗೆ ನೋಡಿ. ಹೆಪ್ಪಾಗುವಾಗ ಆ ಸಕ್ಕರೆ ಸ್ವಲ್ಪ ಕರಗಿಹೋಗಿರುತ್ತದೆ. ಕಾಯಿಸದ ಹಸಿ ಹಾಲು ಮಾತ್ರ ಬೇಡ.

ಬದನೆಕಾಯಿ ನಂಜು, ಸೌತೆಕಾಯಿ ಶೀತ, ಮೊಟ್ಟೆ ಉಷ್ಣ ಅಂತ ಮನೆಯಲ್ಲಿ ಹೇಳುತ್ತಾರಲ್ಲ?

ಅಜ್ಜಿ, ಅತ್ತೆ ಪ್ರೀತಿಯಿಂದಲೇ ಹೇಳುತ್ತಾರೆ, ಜಗಳ ಬೇಡ. ಆದರೆ ನಂಜಿನ ಪಟ್ಟಿಯನ್ನೂ, ಉಷ್ಣದ ಪಟ್ಟಿಯನ್ನೂ, ಡಾಕ್ಟರ್ ಕೊಟ್ಟ ಪಟ್ಟಿಯನ್ನೂ, ಯೂಟ್ಯೂಬಿನ ಪಟ್ಟಿಯನ್ನೂ ಒಟ್ಟಿಗೆ ಪಾಲಿಸಿದರೆ ತಿನ್ನಲು ಏನೂ ಉಳಿಯುವುದಿಲ್ಲ. ನನ್ನ ನಿಯಮ ಒಂದೇ: ಒಂದು ಪದಾರ್ಥ ಬಿಟ್ಟರೆ ಅದರ ಜಾಗಕ್ಕೆ ಅಷ್ಟೇ ಸತ್ವ ಇರುವ ಇನ್ನೊಂದು ಬರಬೇಕು. ಮೊಟ್ಟೆ ಬಿಡಿ ಅಂದರೆ, ಸರಿ, ಪನೀರ್ ಕೊಡಿ ಅಂತ ಕೇಳಿ. ಖಾರದ ಬಗ್ಗೆಯೂ ಕೇಳುತ್ತಾರೆ. ಖಾರದಿಂದ ಈ ಕಾಯಿಲೆ ಬರುವುದಿಲ್ಲ. ಕೆರಳಿದ ಸಮಯದಲ್ಲಿ ಉರಿ ಜಾಸ್ತಿಯಾಗಬಹುದು, ಅಷ್ಟೆ.

ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ಊಟ ಹೇಗಿರಬೇಕು?

ಪ್ರೆಡ್ನಿಸೊಲೋನ್ ಬೆಳಿಗ್ಗೆ ತಿಂಡಿ ಆದ ಮೇಲೆ. ಸಂಜೆ ತೆಗೆದುಕೊಂಡರೆ ನಿದ್ದೆ ಹಾಳು. ಇದು ಸಕ್ಕರೆ ಏರಿಸುತ್ತದೆ, ನೀರು ಹಿಡಿದಿಡುತ್ತದೆ, ಮೂಳೆಯ ಕ್ಯಾಲ್ಸಿಯಂ ಕಳೆಯುತ್ತದೆ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ, ಸಿಹಿ ಕಡಿಮೆ ಮಾಡಿ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಹಸಿವು ವಿಪರೀತ ಇರುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ತಿನ್ನಬೇಕು ಅನ್ನಿಸುತ್ತದೆ. ಬೇಯಿಸಿದ ಮೊಟ್ಟೆ, ಮೊಸರನ್ನ ಮೊದಲೇ ಎತ್ತಿಟ್ಟುಕೊಳ್ಳಿ, ಇಲ್ಲದಿದ್ದರೆ ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ.

ಮುಖ ಊದಿತು ಅಂತ ಥಟ್ಟನೆ ನಿಲ್ಲಿಸಬೇಡಿ, ದಯವಿಟ್ಟು. ಕೆಲವು ವಾರ ತಿಂದ ಮೇಲೆ ಮೈ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು. ನನಗೆ 40 ಮಿಲಿಗ್ರಾಂನಿಂದ ವಾರಕ್ಕೆ 5ರಂತೆ ಇಳಿಸಿದರು. ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ಸ್ಟೀರಾಯ್ಡ್ ತಂದು ತಿನ್ನುವವರನ್ನು ನೋಡಿದ್ದೇನೆ. ಇದು ಬೆಂಕಿ ಆರಿಸಲು ಕೊಡುವ ಮದ್ದು, ವರ್ಷಗಟ್ಟಲೆ ನುಂಗುವುದಲ್ಲ.

ಮೆಸಲಮೈನ್ ಮಾತ್ರೆ ಮಲದಲ್ಲಿ ಹಾಗೇ ಬರುತ್ತಿದೆ. ಪುಡಿ ಮಾಡಿ ತಿನ್ನಲಾ?

ಪುಡಿ ಮಾಡಬೇಡಿ. ಇದು ಕರುಳಿನ ಉರಿಯೂತ ತಗ್ಗಿಸುವ ಮಾತ್ರೆ. ಕರುಳಿನ ಕೆಳಗಿನ ಭಾಗಕ್ಕೆ ಹೋದ ಮೇಲೆ ಮಾತ್ರ ಕರಗಲಿ ಅಂತ ಅದಕ್ಕೆ ಲೇಪ ಹಾಕಿರುತ್ತಾರೆ. ಪುಡಿ ಮಾಡಿದರೆ ಮೇಲೆಯೇ ಹೀರಿಕೊಂಡು ಹೋಗುತ್ತದೆ, ಹುಣ್ಣಿರುವ ಜಾಗಕ್ಕೆ ತಲುಪುವುದಿಲ್ಲ. ಒಮ್ಮೊಮ್ಮೆ ಖಾಲಿ ಸಿಪ್ಪೆ ಮಾತ್ರ ಹೊರಬರುತ್ತದೆ, ಅದಕ್ಕೆ ಭಯ ಬೇಡ. ಇಡೀ ಮಾತ್ರೆ ದಿನಾ ಬರುತ್ತಿದ್ದರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ, ಬೇರೆ ಬಗೆಯದು ಕೊಡುತ್ತಾರೆ. ಹರಳಿನ ಸ್ಯಾಶೆ ಆದರೆ ಅಗಿಯದೆ ನುಂಗಿ. ಎದೆಯುರಿ ಅಂತ ಜೊತೆಗೇ ಆಂಟಾಸಿಡ್ ಕುಡಿದರೆ ಕೆಲವು ಬಗೆಯ ಲೇಪ ಬೇಗ ಕರಗಿಬಿಡಬಹುದು, ಕೇಳಿಕೊಂಡು ಕುಡಿಯಿರಿ. ದಿನಕ್ಕೆ ಮೂರು ಸಲ ನೆನಪಾಗುವುದಿಲ್ಲ ಅನ್ನುವವರು ಒಂದೇ ಸಲಕ್ಕೆ ತೆಗೆದುಕೊಳ್ಳಬಹುದಾ ಅಂತ ಕೇಳಿ, ಬಹಳ ಜನರಿಗೆ ಅದು ಸಾಧ್ಯ. ವರ್ಷಕ್ಕೊಮ್ಮೆಯಾದರೂ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಇರಲಿ.

ಸಲ್ಫಾಸಲಜೀನ್ ಆದರೆ ಊಟದ ಜೊತೆ, ನೀರು ಜಾಸ್ತಿ. ಮೂತ್ರ ಕಿತ್ತಳೆ ಬಣ್ಣ ಬರುತ್ತದೆ. ಫೋಲಿಕ್ ಆಸಿಡ್ ಜೊತೆಗಿರಬೇಕು. ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು, ಬಿಟ್ಟ ಮೇಲೆ ಸರಿಹೋಗುತ್ತದೆ. ಮಗು ಬೇಕು ಅಂತಿರುವವರು ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಅಜಾಥಯೋಪ್ರಿನ್ ಹಾಲಿನ ಜೊತೆ ತೆಗೆದುಕೊಳ್ಳಬಹುದಾ?

ಬೇಡ. ಮಾತ್ರೆ ಅಂದರೆ ಹಾಲಿನ ಜೊತೆ ಅನ್ನುವ ಅಭ್ಯಾಸ ನಮ್ಮಲ್ಲಿದೆ. ಹಾಲಿನಲ್ಲಿರುವ ಒಂದು ಕಿಣ್ವ ಈ ಮದ್ದಿನ ಬಲ ಕುಗ್ಗಿಸಬಹುದು. ಹಾಲು, ಮೊಸರಿಗೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದ ಮೇಲೆ ತೆಗೆದುಕೊಳ್ಳಿ. ನನ್ನ ವಾಕರಿಕೆ ನಿಂತದ್ದು ಸಣ್ಣ ಬದಲಾವಣೆಯಿಂದ: ಬೆಳಿಗ್ಗೆಯ ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆಗೆ ಬದಲಾಯಿಸಿದರು. ಆಗಲೇ ಕೇಳಿದ್ದರೆ ಮಾತ್ರೆ ಬಿಡುವ ಮಾತೇ ಬರುತ್ತಿರಲಿಲ್ಲ.

ಇದು ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಬೇಕು. ಮೊದಲ ವಾರಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸಲೇಬಾರದು. ನಮ್ಮ ಏಷ್ಯಾದವರಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ ಸಾಕಷ್ಟು ಜನರಲ್ಲಿದೆ. ಅಂಥವರಿಗೆ ಬಿಳಿ ರಕ್ತಕಣ ಏಕಾಏಕಿ ಬಿದ್ದು ಹೋಗಬಹುದು, ಕೂದಲು ಕಂತೆ ಕಂತೆಯಾಗಿ ಉದುರಬಹುದು. ಶುರು ಮಾಡುವ ಮೊದಲೇ ಆ ಪರೀಕ್ಷೆ ಆಗುತ್ತದಾ ಅಂತ ಕೇಳಿ. ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್ ಇದರ ಜೊತೆ ಸೇರಿದರೆ ಅಪಾಯ, ಬೇರೆ ಡಾಕ್ಟರ ಹತ್ತಿರ ಹೋದಾಗ ಹೇಳಲೇಬೇಕು.

ಮೆಥೊಟ್ರೆಕ್ಸೇಟ್?

ಇದೂ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು. ವಾರಕ್ಕೆ ಒಂದು ದಿನ. ದಿನಾ ಅಲ್ಲ. ದಿನಾ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಮನೆಯ ಇನ್ನೊಬ್ಬರಿಗೂ ಹೇಳಿಡಿ. ಫೋಲಿಕ್ ಆಸಿಡ್ ಡಾಕ್ಟರು ಹೇಳಿದ ದಿನ. ಮದ್ಯ ಬೇಡ. ಗರ್ಭಿಣಿಯಾಗುವ ಯೋಚನೆ ಇದ್ದರೆ ತಿಂಗಳುಗಳ ಮೊದಲೇ ಡಾಕ್ಟರ ಜೊತೆ ಮಾತಾಡಿ, ಇದು ಮಗುವಿಗೆ ಹಾನಿ ಮಾಡುತ್ತದೆ. ಮೆಸಲಮೈನ್, ಅಜಾಥಯೋಪ್ರಿನ್ ಆದರೆ ಸಾಮಾನ್ಯವಾಗಿ ಬಸುರಿನಲ್ಲೂ ಮುಂದುವರಿಸುತ್ತಾರೆ, ಹೆದರಿ ನೀವೇ ನಿಲ್ಲಿಸಬೇಡಿ.

ಬಯಾಲಜಿಕ್ ಇಂಜೆಕ್ಷನ್ ಶುರುವಾಗಿದೆ. ಪಥ್ಯ ಏನು?

ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ಗೆ ಅಂತ ವಿಶೇಷ ಪಥ್ಯ ಇಲ್ಲ. ಇವು ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಡೆಯುವ ಇಂಜೆಕ್ಷನ್, ಹಾಗಾಗಿ ಸೋಂಕು ಬೇಗ ತಗಲಬಹುದು. ಇಲ್ಲಿ ಮುಖ್ಯವಾದದ್ದು ಶುಚಿ. ಪಾನಿಪೂರಿ ನೀರು, ರಸ್ತೆ ಬದಿ ಹೆಚ್ಚಿಟ್ಟ ಹಣ್ಣು, ಹಸಿ ಮೊಳಕೆಕಾಳು, ಕಾಯಿಸದ ಹಾಲು ಬಿಡಿ. ಮೊಳಕೆ ಇಷ್ಟ ಅಂದರೆ ಬೇಯಿಸಿ ತಿನ್ನಿ. ಶುರು ಮಾಡುವ ಮೊದಲು ಟಿಬಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಿರಬೇಕು. ಅಡಲಿಮುಮ್ಯಾಬ್ 2ರಿಂದ 8 ಡಿಗ್ರಿಯಲ್ಲಿ ಇಡಬೇಕು: ಫ್ರಿಜ್ಜಿನಲ್ಲಿ ಸರಿ, ಫ್ರೀಜರಿನಲ್ಲಿ ಅಲ್ಲ. ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಟವೆಲ್ ಸುತ್ತುತ್ತೇನೆ.

ಐರನ್, ಕ್ಯಾಲ್ಸಿಯಂ, ಬಿ12, ಡಿ... ಯಾವುದು ಯಾವಾಗ?

ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ. ಐರನ್ ತಿಂದ ಹಿಂದೆಯೇ ಕಾಫಿ, ಟೀ ಬೇಡ. ಕಾಯಿಲೆ ಕೆರಳಿದ್ದಾಗ ಐರನ್ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ, ಹೊಟ್ಟೆಯೂ ಕೆಡುತ್ತದೆ. ಆಗ ಡ್ರಿಪ್ಪಿನಲ್ಲಿ ಕೊಡುವ ಐರನ್ ಇದೆ, ನನಗೆ ಅದರಿಂದಲೇ ಮೆಟ್ಟಿಲು ಹತ್ತುವ ಶಕ್ತಿ ಬಂತು. ಬಿ12 ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಅಲ್ಲೇ ಕಾಯಿಲೆ ಇದ್ದರೆ, ಅಥವಾ ಆ ಭಾಗ ಕತ್ತರಿಸಿದ್ದರೆ ಇಂಜೆಕ್ಷನ್ ಬೇಕಾಗಬಹುದು. ಸಸ್ಯಾಹಾರಿಗಳು ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿಕೊಳ್ಳಿ. 60,000 ಯೂನಿಟ್ಟಿನ ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೊಂದು ಕೊಡುವಂಥದ್ದು, ಊಟ ಆದ ಮೇಲೆ. ದಿನಾ ತಿಂದರೆ ವಿಷವಾಗುತ್ತದೆ.

ಅರಿಶಿನ, ಅಮೃತಬಳ್ಳಿ, ಚಕ್ಕೋತ ತಿಂದರೆ ಒಳ್ಳೆಯದಲ್ವಾ?

ಸಾರಿಗೆ ಹಾಕುವ ಅರಿಶಿನ ನಿಶ್ಚಿಂತೆಯಾಗಿ ತಿನ್ನಿ. ಅರಿಶಿನದ ಕರ್ಕ್ಯುಮಿನ್ ಅನ್ನು ಕೊಲೈಟಿಸ್‌ನಲ್ಲಿ ಮೆಸಲಮೈನ್ ಜೊತೆಗೆ ಕೊಟ್ಟು ನೋಡಿದ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಲಾಭ ಕಂಡಿದೆ. ಜೊತೆಗೆ ಕೊಟ್ಟದ್ದು, ಬದಲಿಗೆ ಅಲ್ಲ. ಹೆಚ್ಚು ಶಕ್ತಿಯ ಕರ್ಕ್ಯುಮಿನ್ ಮಾತ್ರೆಗಳಿಂದ ಲಿವರ್ ಕೆಟ್ಟ ವರದಿಗಳೂ ಇವೆ. ಅಮೃತಬಳ್ಳಿ ರೋಗನಿರೋಧಕ ಶಕ್ತಿ ಏರಿಸುತ್ತದೆ ಅಂತ ಕುಡಿಯುತ್ತಾರೆ. ನಮ್ಮ ಕಾಯಿಲೆಯಲ್ಲಿ ಅದೇ ಶಕ್ತಿ ಕೆರಳಿ ನಿಂತಿದೆ, ಅದನ್ನು ತಗ್ಗಿಸಲು ನಾವು ಮಾತ್ರೆ ನುಂಗುತ್ತಿದ್ದೇವೆ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಇದನ್ನು ಕುಡಿದವರಲ್ಲಿ ಲಿವರ್ ತೊಂದರೆ ಕಂಡದ್ದನ್ನು ವರದಿ ಮಾಡಿದರು. ನಾನು ಮುಟ್ಟುವುದಿಲ್ಲ. ಹೆಸರು, ಚೀಟಿ ಇಲ್ಲದ ಪೊಟ್ಟಣದ ಪುಡಿಗಳಂತೂ ಬೇಡವೇ ಬೇಡ.

ಚಕ್ಕೋತದ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಗ್ರೇಪ್‌ಫ್ರೂಟ್ ರಸ ಬುಡೆಸೊನೈಡ್ ಎಂಬ ಸ್ಟೀರಾಯ್ಡಿನ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಬುಡೆಸೊನೈಡ್ ಅಥವಾ ಕೊಲೈಟಿಸ್‌ಗೆ ಕೊಡುವ ಟೊಫಾಸಿಟಿನಿಬ್ ಮಾತ್ರೆ ತೆಗೆದುಕೊಳ್ಳುವವರು ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಿದ್ದರೂ ಡಾಕ್ಟರನ್ನು ಕೇಳದೆ ತಿನ್ನಬೇಡಿ.

ತಲೆನೋವು, ಮೈಕೈ ನೋವಿಗೆ ಏನು ತೆಗೆದುಕೊಳ್ಳಲಿ?

ಪ್ಯಾರಾಸಿಟಮಾಲ್. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಾಯಿಲೆಯನ್ನು ಕೆರಳಿಸಬಹುದು. ಹಲ್ಲಿನ ಡಾಕ್ಟರಿಗೂ ಹೇಳಿ.

ಏಕಾದಶಿ, ರಂಜಾನ್ ಉಪವಾಸ ಮಾಡಬಹುದಾ?

ಕೆರಳಿದಾಗ, ಸ್ಟೀರಾಯ್ಡ್ ಮೇಲಿದ್ದಾಗ, ತೂಕ ಇಳಿಯುತ್ತಿದ್ದಾಗ ಬೇಡ. ಕಾಯಿಲೆ ತಣ್ಣಗಿದ್ದರೆ ರಂಜಾನಿಗೆ ಒಂದು ತಿಂಗಳು ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಹೊತ್ತು ಬದಲಾಯಿಸಿಕೊಳ್ಳಿ. ನಿರ್ಜಲ ಏಕಾದಶಿ ನನ್ನ ಚಿಕ್ಕಮ್ಮನ ಕಣ್ಣಲ್ಲಿ ದೊಡ್ಡದು, ನನಗೆ ಬೇಡ ಅಂತ ಅವರೇ ಹೇಳುವಂತಾಗಲು ಎರಡು ವರ್ಷ ಹಿಡಿಯಿತು.

ಬಿಟ್ಟ ಪದಾರ್ಥಗಳನ್ನು ಮತ್ತೆ ಹೇಗೆ ಶುರು ಮಾಡುವುದು?

ಒಂದು ಸಲಕ್ಕೆ ಒಂದೇ. ಮೂರು ದಿನ. ಮೊದಲ ದಿನ ಎರಡು ಚಮಚ, ಎರಡನೇ ದಿನ ಅರ್ಧ ಬಟ್ಟಲು, ಮೂರನೇ ದಿನ ಎಲ್ಲರಂತೆ. ನನ್ನ ಹತ್ತಿರ ಇನ್ನೂ ಆ ನೋಟ್‌ಬುಕ್ ಇದೆ: ದಿನಾಂಕ, ತಿಂದದ್ದು, ಎಷ್ಟು ಸಲ ಹೋದೆ, ರಕ್ತ ಇತ್ತಾ, ಮಾತ್ರೆ ತಪ್ಪಿತಾ, ನಿದ್ದೆ ಎಷ್ಟು. ತೊಗರಿಬೇಳೆ ಪುಟದಲ್ಲಿ ಮೂರು ದಿನವೂ "ಏನೂ ಆಗಲಿಲ್ಲ" ಅಂತ ಬರೆದಿದೆ. ಅದನ್ನು ನಾನು ಏಳು ತಿಂಗಳು ಸುಮ್ನೆ ಬಿಟ್ಟಿದ್ದೆ. ಸಾರು ತಿಂದ ಆ ದಿನ ಹೊಟ್ಟೆ ನುಲಿದದ್ದು ಬೇಳೆಯಿಂದ ಅಲ್ಲ, ಕಾಯಿಲೆ ಒಳಗೆ ಕೆರಳುತ್ತಿತ್ತು. ಈರುಳ್ಳಿ ಮಾತ್ರ ನನಗೆ ಇವತ್ತಿಗೂ ಗಾಳಿ ಮಾಡುತ್ತದೆ, ಇಂಗಿನ ಒಗ್ಗರಣೆಯಲ್ಲಿ ಸುಧಾರಿಸುತ್ತೇನೆ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ. ಪ್ರಯತ್ನಪಡದೆ ತೂಕ ಇಳಿಯುತ್ತಿದ್ದರೆ ಪಥ್ಯ ಬಿಗಿ ಮಾಡಬೇಡಿ, ಡಾಕ್ಟರ ಹತ್ತಿರ ಹೋಗಿ.

ಮದುವೆ ಊಟಕ್ಕೆ ಕೂರಬಹುದಾ?

ಕೂರಿ. ಕೋಸಂಬರಿ, ಹಪ್ಪಳ ಎಲೆಯಲ್ಲೇ ಇರಲಿ, ಅನ್ನ, ತೊವ್ವೆ, ಪಲ್ಯ, ಮೊಸರನ್ನ ಹೊಟ್ಟೆ ತುಂಬಾ ತಿನ್ನಿ. ಕರೆದವರಿಗೆ ಬೇಜಾರಾಗುವುದಿಲ್ಲ. ಕೂರುವ ಮೊದಲು ಕಕ್ಕಸು ಎಲ್ಲಿದೆ ಅಂತ ನೋಡಿಕೊಳ್ಳುವುದು ನನ್ನ ಅಭ್ಯಾಸ. ಊರಿಗೆ ಹೋಗುವಾಗ ಹತ್ತು ದಿನದ ಮಾತ್ರೆ ಜಾಸ್ತಿ ಇಟ್ಟುಕೊಳ್ಳುತ್ತೇನೆ, ಹೋಬಳಿಯ ಅಂಗಡಿಯಲ್ಲಿ ಇವು ಸಿಗುವುದಿಲ್ಲ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ ಅಥವಾ ಎದೆ ಡವಡವ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದಾಗ. ಅಜಾಥಯೋಪ್ರಿನ್ ಅಥವಾ ಬಯಾಲಜಿಕ್ ಮೇಲಿರುವಾಗ ಜ್ವರ ಬಂದರೆ, ಅದು ಸುಮ್ಮನೆ ಜ್ವರ ಅಂತ ಕಾಣಿಸಿದರೂ. ಗುದದ್ವಾರದ ಹತ್ತಿರ ಕೀವುಗಟ್ಟಿ ನೋಯುತ್ತಿದ್ದರೆ. ಹೋಗುವಾಗ ಹಳೇ ಕೊಲೊನೋಸ್ಕೋಪಿ ವರದಿ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಕೊನೆಯ ಇಂಜೆಕ್ಷನ್ ದಿನಾಂಕ, ಈ ಮೂರನ್ನು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಂಡಿರಿ. ರಾತ್ರಿ ಕ್ಯಾಷುವಾಲ್ಟಿಯಲ್ಲಿ ಇರುವ ಡಾಕ್ಟರಿಗೆ ನಿಮ್ಮ ಬಗ್ಗೆ ಏನೂ ಗೊತ್ತಿರುವುದಿಲ್ಲ. ಮಾತ್ರೆ ಬಿಟ್ಟಿದ್ದರೆ ಬಿಟ್ಟಿದ್ದೇನೆ ಅಂತ ನೇರವಾಗಿ ಹೇಳಿ, ಎಷ್ಟು ದಿನದಿಂದ ಅನ್ನುವುದನ್ನೂ ಹೇಳಿ.